ಕಂತು ಬಿಟ್ಟು ಪಾಲು ಹಿಡಿದೆವು: ರೊಟ್ಟಿಗೆ ಹಾಕಿದ 6 ಲಕ್ಷದ ಲೆಕ್ಕ

ಕೊನೆಯ ಪಾಲು 2025ರ ಫೆಬ್ರವರಿಯಲ್ಲಿ ಬಂತು. ಹನ್ನೊಂದು ಸಾವಿರ ಚಿಲ್ಲರೆ. ಅಲ್ಲಿಗೆ ನಾವು ಐದು ಜನ ಗೆಳೆಯರು ಹಳ್ಳಿ ಹೆಣ್ಣುಮಕ್ಕಳ ಒಂದು ರೊಟ್ಟಿ ಘಟಕಕ್ಕೆ ಹಾಕಿದ್ದ 6 ಲಕ್ಷ, ಏಳೂವರೆ ಲಕ್ಷವಾಗಿ ಕೈಗೆ ಬಂದಂತಾಯಿತು. ನಾಲ್ಕು ವರ್ಷ, ಮೇಲೆ ಎರಡು ತಿಂಗಳು ಹಿಡಿಯಿತು. ದುಡ್ಡು ತಿಂಗಳು ತಿಂಗಳು ವಾಪಸ್ ಬರುತ್ತಿದ್ದದ್ದರಿಂದ ವರ್ಷಕ್ಕೆ 10 ಪರ್ಸೆಂಟ್ ಆಸುಪಾಸು ಬಿದ್ದಿರಬೇಕು. "ಹಳ್ಳಿ ಹೆಣ್ಮಕ್ಕಳ ರೊಟ್ಟಿಗೆ ರೊಕ್ಕ ಹಾಕಿದ್ರ ಬೂದಿನೂ ಸಿಗಂಗಿಲ್ಲ" ಅಂದಿದ್ದ ನನ್ನ ಭಾವಮೈದುನನಿಗೆ ಪಾಸ್‌ಬುಕ್ಕಿನ ಫೋಟೋ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.

ಇಂಥದ್ದಕ್ಕೆ ಸಾಮಾಜಿಕ ಉದ್ಯಮ ಅನ್ನುತ್ತಾರೆ, ಅಂದರೆ ಲಾಭದ ಜೊತೆಗೆ ಜನರಿಗೂ ಒಳ್ಳೆಯದಾಗಲಿ ಎಂದು ನಡೆಸುವ ವ್ಯಾಪಾರ. ಇಂಥ ಉದ್ಯಮಗಳಿಗೆ ದುಡ್ಡು ಹಾಕುವ ಆವಿಷ್ಕಾರ್, ಅಕ್ಯುಮೆನ್‌ನಂಥ ಫಂಡ್‌ಗಳ ದಾರಿ ಬೇರೆ. ಅವರದು ಕೋಟಿ ಲೆಕ್ಕ. ನಮ್ಮದು ಧಾರವಾಡದ ನಿವೃತ್ತರ ಪಿಎಫ್ ದುಡ್ಡು.

ನನ್ನ ಮೊದಲ ಹೂಡಿಕೆ ನೀರಲ್ಲಿ ಹೋಯಿತು. ನಿಜವಾಗಿಯೂ ನೀರಲ್ಲೇ. 2016ರಲ್ಲಿ ಗದಗಿನ ಕಡೆ ಫ್ಲೋರೈಡ್ ನೀರಿನ ಹಳ್ಳಿಗಳಲ್ಲಿ ಶುದ್ಧ ನೀರು ಮಾರುವ ಒಂದು ಕಂಪನಿಯ ಷೇರು ತಗೊಂಡೆ. 4 ಲಕ್ಷ. ಉದ್ದೇಶ ಒಳ್ಳೆಯದು, ಹುಡುಗರು ಒಳ್ಳೆಯವರು, ಕ್ಯಾನು ಚೆನ್ನಾಗಿ ಹೋಗುತ್ತಿತ್ತು. ಆಮೇಲೆ ಎದುರಿಗೇ ಸರ್ಕಾರಿ ಘಟಕ ಬಂತು. ಕಾಯಿನ್ ಹಾಕಿದರೆ ಕೊಡ ತುಂಬುತ್ತದೆ. ನಮ್ಮ ಕ್ಯಾನು ಯಾರಿಗೆ ಬೇಕು? ಊರಿಗೆ ಒಳ್ಳೆಯ ನೀರು ಸಿಕ್ಕಿತು, ಅದು ಸಂತೋಷವೇ. ನನ್ನ ಕೈಯಲ್ಲಿ ಉಳಿದದ್ದು ಯಾರೂ ಕೊಳ್ಳದ ಪ್ರೈವೇಟ್ ಕಂಪನಿಯ ಷೇರು. ಇಂಥ ಸಣ್ಣ ಉದ್ಯಮದಲ್ಲಿ ಷೇರು ತಗೊಂಡರೆ ಒಳಗೆ ಹೋಗುವುದು ಸುಲಭ, ಹೊರಗೆ ಬರಲು ಬಾಗಿಲೇ ಇರುವುದಿಲ್ಲ.

ಹಾಗಾಗಿ ಎರಡನೇ ಸಲ ನನಗೆ ಗೊತ್ತಿದ್ದದ್ದನ್ನೇ ಮಾಡಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕಂತು ವಸೂಲಿ ಮಾಡಿದವನು ನಾನು. 2019ರ ಜನವರಿಯಲ್ಲಿ ನವಲಗುಂದ ತಾಲ್ಲೂಕಿನ ಒಂದು ಊರಿನ ರೊಟ್ಟಿ ಘಟಕಕ್ಕೆ 2 ಲಕ್ಷ ಸಾಲ ಕೊಟ್ಟೆ. ವರ್ಷಕ್ಕೆ 12 ಪರ್ಸೆಂಟ್, 24 ಕಂತು, ತಿಂಗಳಿಗೆ ಒಂಬತ್ತು ಸಾವಿರದ ನಾನೂರು ಚಿಲ್ಲರೆ. ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ದುಡ್ಡು ಬರುತ್ತಿತ್ತು. ನಾನು ಬೀಗುತ್ತಿದ್ದೆ.

ಆ ವರ್ಷ ಪಂಚಮಿಗೆ ಘಟಕ ನಡೆಸುವ ಅಕ್ಕ ಊಟಕ್ಕೆ ಕರೆದರು. ಪಂಚಮಿ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ, ಜೋಕಾಲಿ, ಉಂಡಿ, ಇದ್ದಬದ್ದ ಬಂಗಾರವೆಲ್ಲ ಮೈಮೇಲೆ. ಅಕ್ಕನ ಕೊರಳಲ್ಲಿ ಕರಿಮಣಿ ಬಿಟ್ಟರೆ ಏನೂ ಇಲ್ಲ. ಜನವರಿಯಲ್ಲಿ ಕಾಗದಕ್ಕೆ ಸಹಿ ಹಾಕುವಾಗ ಬಂಗಾರದ ಬೋರಮಾಳ ಸರ ನೋಡಿದ್ದು ನನಗೆ ನೆನಪಿತ್ತು. ಎಲ್ಲಿ ಎಂದು ಕೇಳಿದೆ. ಉಂಡಿ ತಟ್ಟೆ ಮುಂದೆ ಸರಿಸುತ್ತಾ, "ನಿಮ್ಮ ಕಂತು ತಪ್ಪಬಾರದಲ್ರೀ ಸಾಹೇಬ್ರ, ಒತ್ತಿ ಇಟ್ಟೀನಿ" ಅಂದರು. ಏನೂ ವಿಶೇಷವಿಲ್ಲ ಎನ್ನುವ ಹಾಗೆ.

ಮಳೆಗಾಲದಲ್ಲಿ ಕಡಕ್ ರೊಟ್ಟಿ ಒಣಗುವುದಿಲ್ಲ, ಒಣಗಿದ್ದೂ ಎರಡು ದಿನಕ್ಕೆ ಮೆತ್ತಗಾಗುತ್ತದೆ. ಹುಬ್ಬಳ್ಳಿ ಅಂಗಡಿಯವರು ವಾಪಸ್ ಕಳಿಸುತ್ತಾರೆ. ಜೂನ್‌ನಿಂದ ಮಾರಾಟ ಅರ್ಧಕ್ಕೂ ಕೆಳಗೆ. ಅಂದರೆ ನನಗೆ ಬರುತ್ತಿದ್ದ ಕಂತು ರೊಟ್ಟಿಯ ದುಡ್ಡಲ್ಲ, ಬೋರಮಾಳದ ದುಡ್ಡು. ಆ ವಾರವೇ ಬೆಣ್ಣಿಹಳ್ಳ ತುಂಬಿ ಬಂತು, ಕೆಲಸ ಪೂರ್ತಿ ನಿಂತಿತು. ಕಂತು ನಿಲ್ಲಿಸಿ ಎಂದೆ. ಅಸಲು ನಿಧಾನಕ್ಕೆ ಬಂತು, ಉಳಿದ ಬಡ್ಡಿ ಬಿಟ್ಟೆ.

ಗಿರಾಕಿಗೆ ದುಡ್ಡು ಬರುವ ರೀತಿಗೆ ಕಂತು ಹೊಂದಿಸಬೇಕು ಎನ್ನುವುದು ನಾನು ಕಂಡುಹಿಡಿದದ್ದಲ್ಲ. ಸೆಲ್ಕೋದವರು 1995ರಿಂದ ಸೋಲಾರ್ ದೀಪ ಮಾರುತ್ತಾ ಇದನ್ನೇ ಹೇಳಿಕೊಂಡು ಬಂದಿದ್ದಾರೆ. ಬ್ಯಾಂಕಿನವನ ತಲೆಗೆ ಹೋಗಲು ತಡವಾಯಿತು, ಅಷ್ಟೇ.

2020ರ ಕೊನೆಗೆ ಹೊಸ ಲೆಕ್ಕ ಹಾಕಿದೆವು. ಸಾಲ ಬೇಡ. ನಾಲ್ಕು ಜನರಿಗೆ ಸಾಲ ಕೊಡುತ್ತಾ ಹೋದರೆ ಲೇವಾದೇವಿ ಲೈಸೆನ್ಸ್ ಮಾತು ಬರುತ್ತದೆ ಎಂದು ಸಿಎ ಮೊದಲೇ ಹೆದರಿಸಿದ್ದರು. ಘಟಕವನ್ನೇ ಎಲ್‌ಎಲ್‌ಪಿ (ಪಾಲುದಾರರ ಹೊಣೆಗೆ ಮಿತಿ ಇರುವ ನೋಂದಾಯಿತ ಪಾಲುದಾರಿಕೆ) ಮಾಡಿಸಿ ನಾವು ಪಾಲುದಾರರಾದೆವು. ಅಕ್ಕ ಮತ್ತು ಇನ್ನೊಬ್ಬರು ಕಾನೂನಿನ ಕಾಗದಪತ್ರಕ್ಕೆ ಹೊಣೆಯಾದ ಡೆಸಿಗ್ನೇಟೆಡ್ ಪಾರ್ಟ್‌ನರ್. ತಿಂಗಳ ಮಾರಾಟದಲ್ಲಿ 6 ಪರ್ಸೆಂಟ್ ನಮಗೆ, ಮೊದಲು ಬಂಡವಾಳದ ಲೆಕ್ಕಕ್ಕೆ, ಆಮೇಲೆ ಲಾಭದ ಲೆಕ್ಕಕ್ಕೆ. ಒಟ್ಟು ಏಳೂವರೆ ಲಕ್ಷ ಮುಟ್ಟಿದ ದಿನ ನಾವು ಹೊರಗೆ. ಲಾಭದ ಪಾಲಿಗೆ ಎಲ್‌ಎಲ್‌ಪಿಯೇ ತೆರಿಗೆ ಕಟ್ಟಿರುತ್ತದೆ, ಪಾಲುದಾರ ಮತ್ತೆ ಕಟ್ಟಬೇಕಿಲ್ಲ. ಆದರೆ ವರ್ಷದ ರಿಟರ್ನ್ ಆದ ಫಾರ್ಮ್ 11 ಮೇ 30ಕ್ಕೆ, ಲೆಕ್ಕಪತ್ರದ ಫಾರ್ಮ್ 8 ಅಕ್ಟೋಬರ್ 30ಕ್ಕೆ ಸಲ್ಲಿಸಬೇಕು, ಮರೆಯಬೇಡಿ. ನಾವು ಮರೆತು ದಂಡ ಕಟ್ಟಿದ್ದೇವೆ.

"ಮಾರಾಟ ಮುಚ್ಚಿಟ್ಟರೆ?" ಎಲ್ಲರ ಮೊದಲ ಪ್ರಶ್ನೆ ಇದೇ. ಅದಕ್ಕೊಂದು ಲೆಕ್ಕ ಇದೆ. ಜೋಳದ ಚೀಲ ಎಣಿಸುವುದಲ್ಲ, ಅದನ್ನು ಯಾರು ಬೇಕಾದರೂ ತಪ್ಪಿಸಬಹುದು. ನಮ್ಮ ಲೆಕ್ಕ ಏನು ಎಂದು ಇಲ್ಲಿ ಹೇಳುವುದಿಲ್ಲ. ಅಕ್ಕನೂ ಇದನ್ನು ಓದಬಹುದು, ಅಲ್ವಾ?

6 ಲಕ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದದ್ದು ಮಷಿನ್‌ಗಲ್ಲ, ಜೋಳಕ್ಕೆ. ಹಿಟ್ಟು ನಾದುವ ಮಷಿನ್ ಒಂದು ತಗೊಂಡೆವು. ರೊಟ್ಟಿ ಬಡಿಯುವುದು ಮಾತ್ರ ಕೈಯಲ್ಲೇ. ಹದಿನಾಲ್ಕು ಜನ, ದಿನಕ್ಕೆ ಎರಡು ಸಾವಿರದಷ್ಟು ರೊಟ್ಟಿ. ಸುಗ್ಗಿಯಲ್ಲಿ ಮಾಲದಂಡಿ ಜೋಳ ಅಗ್ಗಕ್ಕೆ ಹಿಡಿದು ಇಟ್ಟರೆ ಅಲ್ಲೇ ಲಾಭ. ಇಡುವುದು ಹೇಗೆ ಎಂದು ಒಂದು ಪ್ರಯೋಗವನ್ನೂ ಮಾಡಿದೆ. ಹತ್ತು ಚೀಲಕ್ಕೆ ಬೇವಿನ ಸೊಪ್ಪು, ಹತ್ತು ಚೀಲ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ. ಬೇವಿನಲ್ಲಿ ಎರಡಕ್ಕೆ ನುಸಿ ಬಿತ್ತು. ಪ್ಲಾಸ್ಟಿಕ್ಕಿನಲ್ಲಿ ನುಸಿ ಇಲ್ಲ, ಆದರೆ ಮೂರನ್ನು ಇಲಿ ಕಡಿಯಿತು. ಹಿರಿಯರು ಕಾಳು ಇಡಲು ನೆಲದೊಳಗೆ ಹಗೇವು ತೋಡುತ್ತಿದ್ದದ್ದು ಸುಮ್ನೆ ಅಲ್ಲ.

ಪರೀಕ್ಷೆ ಬೇಗನೇ ಬಂತು. 2021ರ ಏಪ್ರಿಲ್ ಕೊನೆಗೆ ಎರಡನೇ ಲಾಕ್‌ಡೌನ್. ಮದುವೆ ಸೀಸನ್ನೇ ಹೋಯಿತು. ಎರಡು ತಿಂಗಳು ಮಾರಾಟ ಸೊನ್ನೆ, ನಮ್ಮ ಪಾಲೂ ಸೊನ್ನೆ. ಯಾರೂ ಏನನ್ನೂ ಒತ್ತೆ ಇಡಲಿಲ್ಲ. ನಮ್ಮಲ್ಲಿ ಒಬ್ಬರು ಮಾತ್ರ ದಿನಾ ಫೋನ್ ಮಾಡಿ ಬೈದರು. ಆಮೇಲೆ ಚೇತರಿಸಿಕೊಂಡಿತು. ಜುಲೈನಲ್ಲಿ ಐದು ಸಾವಿರ ಬಂದರೆ ಮದುವೆ ತಿಂಗಳಲ್ಲಿ ಇಪ್ಪತ್ತೆರಡು ಸಾವಿರದವರೆಗೆ ಬಂದದ್ದಿದೆ.

ನಮ್ಮ ಲೆಕ್ಕದಲ್ಲೂ ತೂತು ಇತ್ತು. 2023ರಲ್ಲಿ ಜೋಳದ ಬೆಲೆ ಮೂರು ಸಾವಿರದ ಆಸುಪಾಸಿನಿಂದ ಕ್ವಿಂಟಲ್‌ಗೆ ಐದು ಸಾವಿರ ದಾಟಿತು. ರೊಟ್ಟಿಗೆ ಐವತ್ತು ಪೈಸೆ ಏರಿಸಿದರು, ಮಾರಾಟದ ಅಂಕಿ ಮೇಲೆ ಹೋಯಿತು, ನಮ್ಮ ಪಾಲೂ ಮೇಲೆ ಹೋಯಿತು. ಅವರ ಕೈಯಲ್ಲಿ ಮಾತ್ರ ಏನೂ ಉಳಿಯಲಿಲ್ಲ. ಈ ಸಲ ಅಕ್ಕ ಸುಮ್ಮನಿರಲಿಲ್ಲ. ನೋಟ್‌ಬುಕ್ ತಂದು ಮುಂದಿಟ್ಟರು: "ನಾವು ಬಡಿಯೋದು ಜ್ವಾಳದ ರೊಟ್ಟಿ, ನೀವು ಬಡಿಯೋದು ನಮ್ಮನ್ನ ಏನ್ರೀ?" ಒಪ್ಪಂದ ತಿದ್ದಿದೆವು. ಮಾರಾಟದಲ್ಲಿ ಜೋಳದ ಖರ್ಚು ಕಳೆದು, ಉಳಿದದ್ದರಲ್ಲಿ 8 ಪರ್ಸೆಂಟ್. ಮೊದಲೇ ಹೀಗೆ ಬರೆಯಬೇಕಿತ್ತು.

ಸಾಮಾಜಿಕ ಲಾಭ ಅಳೆಯಲು ನಾನು ವರದಿ ಬರೆಸಿಲ್ಲ. ಹದಿನಾಲ್ಕು ಪಾಸ್‌ಬುಕ್ಕಿಗೆ ತಿಂಗಳಿಗೆ ಒಟ್ಟು ಎಷ್ಟು ಕೂಲಿ ಬಿತ್ತು ಎನ್ನುವುದೊಂದೇ ಅಂಕಿ. ಒಳ್ಳೆಯ ತಿಂಗಳಲ್ಲಿ ಎಂಬತ್ತು ಸಾವಿರ. ಮಧ್ಯೆ ಒಬ್ಬ ಗೆಳೆಯರು, ಸೇವಾ ಸಂಸ್ಥೆಗಳು ಹಣ ಎತ್ತುವ ಷೇರುಪೇಟೆಯ ವಿಭಾಗವಾದ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಕಡೆ ಎಳೆದರು. ಅಲ್ಲಿ 2023ರ ಡಿಸೆಂಬರ್‌ನಲ್ಲಿ ಮೊದಲು ಲಿಸ್ಟ್ ಆದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್ನಿನ ಬಾಂಡ್. ಆದರೆ ಆ ಬಾಂಡಿಗೆ ಬಡ್ಡಿಯೂ ಇಲ್ಲ, ಅಸಲೂ ವಾಪಸ್ ಇಲ್ಲ. ಅದು ದಾನ. ದಾನ ಮಾಡಬೇಕಾದಾಗ ಅಲ್ಲಿಗೆ ಹೋಗುತ್ತೇವೆ.

ಕೊನೆಯ ಪಾಲು ಬಂದ ತಿಂಗಳು ಅಕ್ಕನ ಬಳಿ ಹೋದೆ. ಎರಡನೇ ಘಟಕ ಹಾಕೋಣ, ನಮ್ಮ ದುಡ್ಡು ರೆಡಿ ಇದೆ ಎಂದೆ. "ಬ್ಯಾಡ್ರೀ ಸಾಹೇಬ್ರ. ಪಿಎಂಎಫ್‌ಎಂಇದಾಗ ಅರ್ಧ ಸಬ್ಸಿಡಿ ಐತಿ. ನಾಕ್ ವರ್ಷದ ಲೆಕ್ಕ ನೋಡಿ ಬ್ಯಾಂಕಿನವ್ರು ಹೂಂ ಅಂದಾರ." ಅದು ಸಣ್ಣ ಆಹಾರ ಘಟಕಗಳಿಗೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ. ಆಗ ಕೇಂದ್ರದ 35, ರಾಜ್ಯದ 15, ಸೇರಿ 50 ಪರ್ಸೆಂಟ್. ಅದರ ಮುಂದೆ ನಮ್ಮ ಪಾಲಿನ ಲೆಕ್ಕ ನಿಲ್ಲುವುದಿಲ್ಲ. ಮಳೆಗಾಲಕ್ಕೆ ಕಂತು ಬೇಡ ಎಂದು ಬ್ಯಾಂಕಿನವರ ಹತ್ತಿರ ಮೊದಲೇ ಬರೆಸಿಕೊಳ್ಳಿ ಎಂದು ಮಾತ್ರ ಹೇಳಿ ಬಂದೆ. ಏಳೂವರೆ ಲಕ್ಷ ಈಗ ಉಳಿತಾಯ ಖಾತೆಯಲ್ಲಿ ಕೂತಿದೆ. ಅಣ್ಣಿಗೇರಿ ಕಡೆ ಶೇಂಗಾ ಚಟ್ನಿ ಮಾಡುವ ಒಂದು ಗುಂಪು ಇದೆ ಎಂದು ಕೇಳಿದ್ದೇನೆ, ಮುಂದಿನ ವಾರ ಹೋಗಿ ನೋಡಬೇಕು.