ಹಾಸಿಗೆಯ ಪಕ್ಕ ಹದಿಮೂರನೆಯ ಕೀರ್ತನೆ

ಹುಬ್ಬಳ್ಳಿಯ ಆಸ್ಪತ್ರೆ ವಾರ್ಡುಗಳಲ್ಲಿ, ಗದಗ-ಬೆಟಗೇರಿಯ ಮನೆಗಳಲ್ಲಿ ರೋಗಿಗಳನ್ನು ಕಾಣಲು ಹೋದಾಗ ಮತ್ತೆ ಮತ್ತೆ ಕಿವಿಗೆ ಬೀಳುವ ಪ್ರಶ್ನೆ ಒಂದೇ: ‘ನಾ ಏನ ಪಾಪ ಮಾಡಿದ್ನ್ರಿ, ದೇವರು ನನಗ್ಯಾಕ ಹಿಂಗ ಮಾಡಿದ?’ ಇದಕ್ಕೆ ನಾನು ಕಾರಣ ಹೇಳಲು ಹೋಗುವುದಿಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದನ್ನೇ ಕೇಳಿದಾಗ, ಇವನ ಪಾಪವೂ ಅಲ್ಲ, ತಂದೆತಾಯಿಗಳದ್ದೂ ಅಲ್ಲ ಎಂದು ಯೇಸುಸ್ವಾಮಿ ಆ ಲೆಕ್ಕವನ್ನೇ ತಳ್ಳಿಹಾಕಿದರು (ಬೈಬಲಿನ ಯೋಹಾನ 9). ‘ಹಣೆಬರಹ’ ಎನ್ನಲು ಹಿಂಜರಿಯುವ ನಾವು ಅದನ್ನೇ ‘ದೇವರ ಚಿತ್ತ’ ಎಂದು ಹೇಳಿಬಿಡುತ್ತೇವೆ. ಬಹಳಷ್ಟು ಭೇಟಿಗಳು ಕೆಡುವುದು ಇಲ್ಲಿಯೇ.

ಭೇಟಿ 15ರಿಂದ 20 ನಿಮಿಷ ಸಾಕು. ಊಟ, ಇಂಜೆಕ್ಷನ್, ಡಾಕ್ಟರರ ರೌಂಡ್ಸ್ ಯಾವಾಗ ಎಂದು ಮನೆಯವರನ್ನು ಮೊದಲೇ ಕೇಳಿಕೊಳ್ಳುತ್ತೇನೆ. ಸ್ಟೂಲ್ ಎಳೆದುಕೊಂಡು ಅವರ ಮುಖದ ಮಟ್ಟಕ್ಕೆ ಕೂಡುತ್ತೇನೆ. ನಿಂತು ಮಾತಾಡಿದರೆ ಮಲಗಿದವರಿಗೆ ತಪಾಸಣೆ ನಡೆದಂತಾಗುತ್ತದೆ. ಮೊದಲ ಐದು ನಿಮಿಷ ಬೈಬಲ್ ತೆರೆಯುವುದಿಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಬೈಬಲಿನ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಕೆಟ್ಟದ್ದು ಬಾಯಿ ತೆರೆದ ಮೇಲೆ. ಕಡೆಯ ಅಧ್ಯಾಯದಲ್ಲಿ ದೇವರ ಕೋಪ ಉರಿಯುವುದು ಗೋಳಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ.

ಓದುವುದು ಒಂದೇ ಭಾಗ, ಹೆಚ್ಚಾಗಿ ಬೈಬಲಿನ ಪ್ರಾರ್ಥನೆ-ಹಾಡುಗಳಾದ ಕೀರ್ತನೆಗಳಲ್ಲಿ 13ನೆಯದು. ಆರೇ ವಚನ, ನಿಧಾನವಾಗಿ ಓದಿದರೂ ಒಂದು ನಿಮಿಷದ ಮೇಲೆ ಸ್ವಲ್ಪ. 1-2 ದೂರು, 3-4 ಬೇಡಿಕೆ, 5-6 ಭರವಸೆ. ಮೊದಲೆರಡು ವಚನಗಳಲ್ಲೇ ‘ಎಲ್ಲೀತನಕ?’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅಲ್ಲಿಗೆ ನಿಲ್ಲಿಸಿ, ‘ನಿಮಗೂ ಹಿಂಗ ಕೇಳಬೇಕು ಅನಸ್ತೈತೇನ್ರಿ?’ ಎನ್ನುತ್ತೇನೆ. ಮಾತು ಹೊರಡುವುದು ಆಗ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ: ದೇವರನ್ನು ಕರೆಯುವ ಒಂದು ಸಾಲು, ದೂರಿನ ಎರಡು ಸಾಲು, ಬೇಡಿಕೆಯ ಒಂದು ಸಾಲು. ‘ಆದರೂ’ ಎಂದು ಶುರುವಾಗುವ ಕೊನೆಯ ಸಾಲಿಗೆ ಜಾಗ ಖಾಲಿ ಬಿಡುತ್ತೇವೆ. ನೋಟ್‌ಬುಕ್ ಅವರ ದಿಂಬಿನ ಹತ್ತಿರವೇ ಇರಬೇಕು.

ಆ ಖಾಲಿ ಸಾಲನ್ನು ನಾನು ತುಂಬುವುದಿಲ್ಲ. ಚರ್ಚಿನ ಸಭೆಯವರು ಸುತ್ತ ನಿಂತಿದ್ದಾರೆಂದು ರೋಗಿ ಮೊದಲ ದಿನವೇ ‘ಆದರೂ ಸ್ತೋತ್ರ ಸ್ವಾಮಿ’ ಎಂದರೆ, ಒಳಗಿನ ಸಿಟ್ಟು ಒಳಗೇ ಉಳಿದು ಮುಂದೆ ಪ್ರಾರ್ಥನೆಯೇ ಬೇಡವೆನಿಸುತ್ತದೆ. ಹೀಗಾಗಿ ಮೊದಲ ಭೇಟಿಗೆ ಇಬ್ಬರಿಗಿಂತ ಹೆಚ್ಚು ಜನ ಹೋಗಬಾರದು. ವಾರಗಳು ಕಳೆದರೂ ಆ ಸಾಲು ಬರದಿದ್ದರೆ 88ನೆಯ ಕೀರ್ತನೆ ಓದುತ್ತೇನೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ. ಇದನ್ನು ಬೈಬಲಿನಲ್ಲೇ ಕಂಡಾಗ ಎಷ್ಟೋ ಜನರ ಉಸಿರು ಹಗುರಾಗುತ್ತದೆ.

ನಿರೀಕ್ಷೆಯ ಮಾತು ಇದಾದ ಮೇಲೆ. ಆಸೆ ಬೇರೆ, ನಿರೀಕ್ಷೆ ಬೇರೆ. ಗುಣವಾಗಲಿ ಎಂಬುದು ಆಸೆ. ಅದಕ್ಕಾಗಿ ಬಾಯಿಬಿಟ್ಟು ಬೇಡುತ್ತೇವೆ. ಆದರೆ ಯೇಸುವಿನ ಸಂದೇಶ ಸಾರಿದ ಅಪೊಸ್ತಲ ಪೌಲ ಮೂರು ಸಲ ಬೇಡಿದರೂ ಅವನ ಶರೀರದ ಶೂಲ ಹೋಗಲಿಲ್ಲ (2 ಕೊರಿಂಥ 12). ಕ್ರೈಸ್ತ ನಿರೀಕ್ಷೆ ನಿಂತಿರುವುದು ರಿಪೋರ್ಟಿನ ಮೇಲಲ್ಲ, ಪುನರುತ್ಥಾನದ ಮೇಲೆ. ಎದ್ದುಬಂದ ಕ್ರಿಸ್ತನ ಕೈಯಲ್ಲಿ, ಪಕ್ಕೆಯಲ್ಲಿ ಗಾಯದ ಗುರುತು ಹಾಗೆಯೇ ಇದ್ದವು. ನಂಬದಿದ್ದ ಶಿಷ್ಯ ತೋಮನಿಗೆ ತೋರಿಸಿದ್ದು ಅವನ್ನೇ. ದುಃಖದ ಅರ್ಥವನ್ನು ನಾನು ಹುಡುಕುವುದು ಇಲ್ಲಿ. ಗಾಯ ಯಾಕಾಯಿತು ಎಂಬುದಕ್ಕೆ ಉತ್ತರ ಸಿಗದಿರಬಹುದು, ಆದರೆ ಆ ಗಾಯ ವ್ಯರ್ಥವಾಗಿ ಅಳಿಸಿಹೋಗುವುದಿಲ್ಲ. ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ನಿರೀಕ್ಷೆ ಎಂಬ, ರೋಮಾಪುರದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದ ಸರಪಳಿಯನ್ನು ಪೌಲ ‘ನಾವು’ ಎಂದು ತನ್ನನ್ನೂ ಸೇರಿಸಿಕೊಂಡು ಹೇಳಿದ್ದಾನೆ. ನೋವಿಲ್ಲದವನು ನೋವಿದ್ದವನಿಗೆ ಅದನ್ನೇ ಬೋಧಿಸಿದರೆ ಏಟಾಗುತ್ತದೆ. ರೋಗಿಯೇ ಆ ಮಾತು ಎತ್ತುವವರೆಗೆ ಕಾಯುತ್ತೇನೆ.

ಸತ್ತವರ ಮನೆಯಲ್ಲಿ ‘ಅಳಬ್ಯಾಡ್ರಿ, ಸ್ವರ್ಗಕ್ಕ ಹೋಗ್ಯಾರ’ ಎನ್ನುವುದೂ ತಪ್ಪು. ಪೌಲನ ಪತ್ರ 1 ಥೆಸಲೋನಿಕ 4 ದುಃಖವನ್ನೇ ಬೇಡವೆನ್ನುವುದಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎನ್ನುತ್ತದೆ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸಲೆಂದೇ ಬಂದ ಯೇಸುಸ್ವಾಮಿಯೂ ಅತ್ತರು.

ಪ್ರಾರ್ಥನೆ ನಡೆದಿದೆಯೆಂದು ಔಷಧ ಬಿಡಿಸುವವರನ್ನು ನಾನು ಅಲ್ಲೇ ತಡೆಯುತ್ತೇನೆ. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಮುಂದೆ ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ಕಟ್ಟಿತು. ದವಾಖಾನಿ, ದೇವಾಲಯ ಎರಡೂ ನಮ್ಮವೇ. ಎರಡು ವಾರದ ಮೇಲೂ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದರೆ ಕೀರ್ತನೆಯೊಂದೇ ಸಾಲದು. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದೊಯ್ಯಬೇಕು. ‘ಬದುಕೇ ಬ್ಯಾಡ’ ಎಂಬ ಮಾತು ಬಂದರೆ ಎರಡು ವಾರ ಕಾಯುವುದಿಲ್ಲ. ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು-ರಾತ್ರಿ ಕರೆ ಮಾಡಬಹುದು.

ಏಳುವಾಗ ಪಕ್ಕದಲ್ಲಿ ಕೂತ ಹೆಂಡತಿಗೋ ತಾಯಿಗೋ ‘ಅವ್ವಾರ, ನೀವು ಉಂಡ್ರ್ಯಾ?’ ಎಂದು ಕೇಳುತ್ತೇನೆ. ಇನ್ನೂ ಅರ್ಧ ತಾಸು ನಾನು ಸುಮ್ಮನೆ ಕೂತರೆ ಅವರು ಹೊರಗೆ ಹೋಗಿ ಚಹಾ ಕುಡಿದು ಬರಬಹುದು. ಮುಂದಿನ ಭೇಟಿಯ ತಾರೀಖನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದು ಹೊರಡುತ್ತೇನೆ, ಆ ದಿನ ತಪ್ಪಿಸುವುದಿಲ್ಲ.