ಎಫ್‌ಐಆರ್‌ನ ಆ ಒಂದು ಸಾಲಿನ ಹಿಂದೆ ಹೋದ ನನ್ನ ಪಿಎಚ್‌ಡಿ

ಕ್ರಿಮಿನಾಲಜಿಲಿ ಪಿಎಚ್‌ಡಿ ಮಾಡ್ತಿದೀನಿ, ವಿಷಯ ಡಿಜಿಟಲ್ ಅರೆಸ್ಟ್ ವಂಚನೆ, ಅಂದ್ರೆ ಪೊಲೀಸ್ ಅಂತ ಹೇಳ್ಕೊಂಡು ವಿಡಿಯೋ ಕಾಲಲ್ಲೇ ಅರೆಸ್ಟ್ ಮಾಡಿದೀವಿ ಅಂತ ಹೆದರಿಸಿ ದುಡ್ಡು ಕೀಳೋದು. ಡೇಟಾ ಎಲ್ಲಿಂದ ತರ್ತೀರಾ ಅಂತ ಜೂನಿಯರ್‌ಗಳು ಕೇಳ್ತಿರ್ತಾರೆ, ಅದಕ್ಕೇ ಬರೀತಿದೀನಿ.

ಶುರು ಮಾಡಿದ್ದು ಎಫ್‌ಐಆರ್‌ಗಳಿಂದ. ಸೂಕ್ಷ್ಮ ಕೇಸು ಬಿಟ್ಟು ಉಳಿದಿದ್ದನ್ನ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟು 2016ರಲ್ಲೇ ಹೇಳಿದೆ, ಹಂಗಾಗಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳ ಎಫ್‌ಐಆರ್ ಕೂತು ಓದ್ದೆ. ಹಾಕಿರೋ ಸೆಕ್ಷನ್ ಐಟಿ ಆಕ್ಟ್ 66ಸಿ (ಗುರುತು ಕದಿಯೋದು), 66ಡಿ (ಬೇರೆಯೋರ ಸೋಗಲ್ಲಿ ಮೋಸ), ಜೊತೆಗೆ ವಂಚನೆಗೆ 2024ರ ಜುಲೈಯಿಂದ ಈಚೆಗಾದ್ರೆ ಬಿಎನ್‌ಎಸ್ 318(4), ಹಿಂದಿನದಾದ್ರೆ ಐಪಿಸಿ 420. ಅಕೌಂಟ್ ನಂಬರು, ಯುಟಿಆರ್ ನಂಬರು (ಪ್ರತಿ ಹಣ ವರ್ಗಾವಣೆಗೂ ಬ್ಯಾಂಕ್ ಕೊಡೋ ಗುರುತಿನ ನಂಬರು), ಮೊತ್ತ ಎಲ್ಲಾ ಇರುತ್ತೆ, ಆದ್ರೆ ನಡೆದಿದ್ದೇನು ಅಂದ್ರೆ "ಅಪರಿಚಿತರು ಪಿರ್ಯಾದುದಾರರನ್ನು ಹೆದರಿಸಿ, ನಂಬಿಸಿ, ಹಣ ವರ್ಗಾಯಿಸಿಕೊಂಡು ಮೋಸ ಮಾಡಿರುತ್ತಾರೆ", ಇಷ್ಟೇ. ಪೊಲೀಸರ ತಪ್ಪು ಅಂತಲ್ಲ, ದುಡ್ಡು ಮ್ಯೂಲ್ ಅಕೌಂಟುಗಳಲ್ಲಿ (ವಂಚಕರು ದುಡ್ಡು ಸಾಗಿಸೋಕೆ ಬಳಸೋ ಬೇರೆಯೋರ ಅಕೌಂಟು) ಹಂಚಿಹೋಗೋದ್ರೊಳಗೆ ಫ್ರೀಜ್ ಮಾಡಿಸ್ಬೇಕಲ್ಲ, ಸೈಬರ್ ವಂಚನೆ ಸಹಾಯವಾಣಿ 1930ಗೆ ಬೇಗ ಫೋನ್ ಮಾಡಿ ಅನ್ನೋದೂ ಅದಕ್ಕೇ. ಆದ್ರೆ ನನ್ನ ರಿಸರ್ಚ್‌ಗೆ ಬೇಕಿದ್ದಿದ್ದು ಆ "ನಂಬಿಸಿ" ಅನ್ನೋದ್ರ ಒಳಗಿರೋ ಗಂಟೆಗಳು.

ದುಡ್ಡು ಕಳ್ಕೊಂಡೋರು ಗೊತ್ತಿಲ್ಲದ ನಂಬರ್ ಎತ್ತಲ್ಲ, ಹಂಗಾಗಿ ಪರಿಚಯದೋರ ಮೂಲಕ ಮನೆಗೇ ಹೋಗ್ತಿದ್ದೆ. ವಂಚಕರು ಕ್ಯಾಮೆರಾ ಆನ್ ಇಡಿಸಿ ಅವ್ರನ್ನ ಕೂರಿಸಿದ್ರು, ಹಂಗಾಗಿ ರೆಕಾರ್ಡ್ ಮಾಡ್ಲಾ ಅಂದ್ರೆ ಮುಖ ಬಿಳಿಚ್ಕೊಳ್ತಿತ್ತು, ಫೋನ್ ಬ್ಯಾಗಿಗೆ ಹಾಕಿ ಕೈಯಲ್ಲೇ ಬರ್ಕೊಂಡೆ. ಯಾಕೆ ಕಳಿಸಿದ್ರಿ ಅಂತ ಯಾವತ್ತೂ ಕೇಳ್ಲಿಲ್ಲ, ಮನೆಯೋರೆಲ್ಲ ಅದನ್ನೇ ಕೇಳಿ ಕೇಳಿ ನೋಯಿಸಿರ್ತಾರೆ. ಬೆಳಿಗ್ಗೆ ತಿಂಡಿ ಏನ್ ಮಾಡಿದ್ರಿ ಅವತ್ತು, ಫೋನ್ ಬಂದಾಗ ಮನೇಲಿ ಯಾರಿದ್ರು, ಹಿಂಗೆ ಗಂಟೆ ಗಂಟೆಯಾಗಿ ಹೋಗ್ತಿದ್ದೆ.

ಒಬ್ರು ರಿಟೈರ್ಡ್ ಟೀಚರ್ ಹೇಳಿದ್ರು, ಕಾಲ್ ಕಟ್ ಮಾಡಬಾರ್ದು ಅಂದಿದ್ರಂತೆ, ಫೋನನ್ನ ಅಡುಗೆಮನೆಗೂ ತಗೊಂಡ್ ಹೋಗಿದಾರೆ. ಎಫ್‌ಡಿ ಮುರಿಸೋಕೆ ಹೋದಾಗ ಕೌಂಟರ್‌ನಲ್ಲಿದ್ದ ಹುಡುಗಿ "ಇಷ್ಟೊಂದು ಯಾಕೆ ಮೇಡಂ" ಅಂತ ಕೇಳಿದಾಳೆ, ಇವ್ರು "ಮಗನಿಗೆ ಸೈಟ್ ನೋಡಿದೀವಿ ಕಣಮ್ಮ" ಅಂದಿದಾರೆ. ಆ ಉತ್ತರಾನೂ ವಂಚಕರೇ ಮೊದ್ಲೇ ಹೇಳಿಕೊಟ್ಟಿದ್ದು!

ಅಮೆರಿಕದ ಸಂಶೋಧಕರಾದ ಕೋಹೆನ್ ಮತ್ತೆ ಫೆಲ್ಸನ್ 1979ರಲ್ಲಿ ಹೇಳಿದ್ರಲ್ಲ, ಅಪರಾಧಿ, ಗುರಿ, ಕಾಯೋರು ಇಲ್ಲದಿರೋದು, ಈ ಮೂರೂ ಕೂಡಿದ್ರೆ ಅಪರಾಧ ಆಗುತ್ತೆ ಅಂತ. ಇಲ್ಲಿ ಕಾಯೋರು ಇದ್ರು, ಬ್ಯಾಂಕ್ ಕೌಂಟರಲ್ಲೇ ಕೂತಿದ್ರು, ಅವ್ರನ್ನ ದಾರಿಯಿಂದ ಸರಿಸೋದೇ ಈ ವಂಚನೆಯ ಅರ್ಧ ಕೆಲ್ಸ ಅನ್ನೋದು ನನ್ನ ವಾದ. ಅದಕ್ಕೇ ಈಗ ಬ್ಯಾಂಕ್ ಸಿಬ್ಬಂದಿನ ಮಾತಾಡಿಸ್ತಿದೀನಿ, ಕಸ್ಟಮರ್ ಫೋನ್ ಕಿವಿಗಿಟ್ಕೊಂಡೇ ಫಾರಂ ತುಂಬ್ತಿದ್ರೆ ನೀವು ಏನ್ ಕೇಳ್ತೀರಾ ಅಂತ.