ಆಯಿಲ್ ಪಂಪ್ ಉಳಿಸಬೇಕೇ, ಪೆಟ್ರೋಲ್‌ಗೇ ಬೆರೆಸಬೇಕೇ? ಹಳೆಯ ಟೂ-ಸ್ಟ್ರೋಕ್ ಬೈಕ್ ಇಟ್ಟುಕೊಂಡವರಿಗೆ

ಟೂ-ಸ್ಟ್ರೋಕ್ ಎಂಜಿನ್‌ನ ಒಳಭಾಗ ಸವೆಯದಿರಲು ಪೆಟ್ರೋಲ್ ಜೊತೆಗೇ ಆಯಿಲೂ ಹೋಗಬೇಕು; ಪಂಪ್ ಇದ್ದರೆ ಬೇರೆ ಆಯಿಲ್ ಟ್ಯಾಂಕಿನಿಂದ ಅದೇ ಕಳಿಸುತ್ತದೆ, ಇಲ್ಲದಿದ್ದರೆ ಪೆಟ್ರೋಲ್‌ಗೇ ಬೆರೆಸಬೇಕು. ಹಳೆಯ ಯಮಹಾ ಆರ್‌ಎಕ್ಸ್ 100 ಕೊಂಡವರಿಗೆ ಗ್ಯಾರೇಜಿನಲ್ಲಿ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಇದು: “ಪಂಪ್ ನಂಬಬೇಡಿ, ತೆಗೆಸಿಬಿಡಿ, ಪೆಟ್ರೋಲ್‌ಗೇ ಆಯಿಲ್ ಹಾಕಿ ಓಡಿಸಿ.” ಪಂಪ್ ಕೈಕೊಟ್ಟರೆ ಎಂಜಿನ್ ಸೀಜ್ ಆಗುತ್ತದೆ (ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲುತ್ತದೆ) ಎನ್ನುವುದು ನಿಜ. ಆದರೆ ಪಂಪ್ ಸರಿಯಿದೆಯೇ ಇಲ್ಲವೇ ಎಂದು ಮನೆಯಲ್ಲೇ ಅಳೆದು ನೋಡಬಹುದು. ಅಳೆಯದೆ ತೆಗೆಸಬೇಡಿ.

ಮೈಸೂರಿನ ಐಡಿಯಲ್ ಜಾವಾದಿಂದ 1996ರವರೆಗೆ ಬಂದ ಜಾವಾ, ಯೆಜ್ಡಿ ರೋಡ್‌ಕಿಂಗ್‌ಗಳಿಗೆ ಈ ಗೊಂದಲವಿಲ್ಲ, ಅವಕ್ಕೆ ಪಂಪ್ ಇಲ್ಲ, ಬೆರೆಸಿಯೇ ಹಾಕಬೇಕು. ಯಮಹಾ 1964ರಲ್ಲಿ ವೈಎ6 ಬೈಕ್‌ನೊಂದಿಗೆ ತಂದ ಆಟೋಲೂಬ್ ಪಂಪೇ ರಾಜ್‌ದೂತ್ 350 (ಆರ್‌ಡಿ 350), ಆರ್‌ಎಕ್ಸ್ 100ರಲ್ಲೂ ಇರುವುದು. ಅದನ್ನು ಎಂಜಿನ್ ತಿರುಗಿಸುತ್ತದೆ, ಆಕ್ಸಿಲರೇಟರ್ ಕೇಬಲ್‌ನ ಇನ್ನೊಂದು ಕವಲು ಅದರ ಪುಲ್ಲಿಯನ್ನು ಎಳೆಯುತ್ತದೆ. ಅಂದರೆ ಆಯಿಲ್ ಎಷ್ಟು ಹೋಗಬೇಕು ಎನ್ನುವುದನ್ನು ಎಂಜಿನ್ ವೇಗ, ಆಕ್ಸಿಲರೇಟರ್ ಎರಡೂ ಸೇರಿ ತೀರ್ಮಾನಿಸುತ್ತವೆ. ಬೆರೆಸಿದ ಪೆಟ್ರೋಲ್‌ನಲ್ಲಿ ಈ ಅನುಕೂಲವಿಲ್ಲ. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಎಂಜಿನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಪೆಟ್ರೋಲ್ ಹೋಗದೆ ಆಯಿಲೂ ಹೋಗುವುದಿಲ್ಲ. ಯೆಜ್ಡಿ ಓಡಿಸುವವರು ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಒಮ್ಮೆ ರೇಸ್ ಮಾಡುವುದು ಇದಕ್ಕೇ. ಪಂಪ್ ಇರುವ ಬೈಕ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗಲೂ ಕನಿಷ್ಠ ಪ್ರಮಾಣದ ಆಯಿಲ್ ಹೋಗುತ್ತಿರುತ್ತದೆ.

ಪಂಪ್ ಪರೀಕ್ಷಿಸುವ ಮೊದಲು ಟ್ಯಾಂಕಿಗೆ 1:50 ಬೆರೆಸಿದ ಪೆಟ್ರೋಲ್ ಹಾಕಿಕೊಳ್ಳಿ, ಅಂದರೆ ಲೀಟರಿಗೆ 20 ಮಿಲಿ ಆಯಿಲ್. ಪಂಪ್ ಕೆಟ್ಟಿದ್ದರೂ ಎಂಜಿನ್ ಉಳಿಯುತ್ತದೆ. ಹೊಗೆ ಹೆಚ್ಚು ಬಂದರೆ ಬರಲಿ. ಆಯಿಲ್ ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ನೋಡಿ. ಅದು ಕಟ್ಟಿಕೊಂಡಿದ್ದರೆ ಒಳಗೆ ನಿರ್ವಾತವಾಗಿ ಆಯಿಲ್ ಇಳಿಯುವುದೇ ನಿಲ್ಲುತ್ತದೆ, ತಪ್ಪು ಮಾತ್ರ ಪಂಪಿನ ಮೇಲೆ ಬೀಳುತ್ತದೆ. ಪೈಪ್ ಹಳದಿಯಾಗಿ ಗಟ್ಟಿಯಾಗಿದ್ದರೆ ಬದಲಿಸಿ. ನಂತರ ಪಂಪಿನ ಬ್ಲೀಡ್ ಸ್ಕ್ರೂ (ಒಳಗಿನ ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ, ಗುಳ್ಳೆಯಿಲ್ಲದೆ ಆಯಿಲ್ ಹರಿಯುವವರೆಗೆ ಬಿಟ್ಟು ಬಿಗಿ ಮಾಡಿ. ಅದರ ವಾಷರ್ ಕಳೆಯಬೇಡಿ. ಎಂಜಿನ್ ಐಡಲ್‌ನಲ್ಲಿಟ್ಟು ಪಂಪಿನ ಕೇಬಲ್ ಮಾತ್ರ ಕೈಯಿಂದ ಪೂರ್ತಿ ಎಳೆದು ಹಿಡಿಯಿರಿ. ಪಂಪಿನಿಂದ ಎಂಜಿನ್‌ಗೆ ಹೋಗುವ ಸಣ್ಣ ಪಾರದರ್ಶಕ ಪೈಪ್‌ನಲ್ಲಿ ಗುಳ್ಳೆಗಳು ಒಂದೊಂದೇ ಮುಂದಕ್ಕೆ ಜರುಗುತ್ತಾ ಹೋಗಿ ಕೊನೆಗೆ ಪೈಪ್ ತುಂಬ ಆಯಿಲ್ ಮಾತ್ರ ಕಾಣಬೇಕು. ಗುಳ್ಳೆ ನಿಂತಲ್ಲೇ ನಿಂತಿದ್ದರೆ ಪಂಪ್ ತಿರುಗುತ್ತಿಲ್ಲ ಅಥವಾ ತಳ್ಳುತ್ತಿಲ್ಲ. ಗುಳ್ಳೆ ಮುಗಿಯದೆ ಬರುತ್ತಲೇ ಇದ್ದರೆ ಪೈಪ್ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆ.

ಪುಲ್ಲಿಯ ಗುರುತು ಪಿನ್‌ಗೆ ಹೊಂದಿಕೊಳ್ಳುತ್ತದೆಯೇ ನೋಡಿ. ಆಕ್ಸಿಲರೇಟರ್ ಎಷ್ಟು ತೆರೆದಾಗ ಹೊಂದಬೇಕು ಎನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಆ ಬೈಕಿನ ಸರ್ವೀಸ್ ಪುಸ್ತಕದಂತೆಯೇ ಇಡಿ. ಆರ್‌ಡಿ 350ರ ಪಂಪಿನ ಕನಿಷ್ಠ ಸ್ಟ್ರೋಕ್ (ಒಳಗಿನ ಪ್ಲಂಜರ್‌ನ ಅತಿ ಕಡಿಮೆ ಚಲನೆ) 0.20ರಿಂದ 0.25 ಮಿ.ಮೀ., ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿ) ಅಳೆಯಬೇಕು. ಕಡಿಮೆಯಿದ್ದರೆ ಶಿಮ್ (ತೆಳು ವಾಷರ್) ಸೇರಿಸಿ. ಈ ಪಂಪ್‌ಗಳನ್ನು ಕೊಲ್ಲುವುದು ಹೆಚ್ಚಾಗಿ ಕೇಬಲ್. ಎಳೆ ಹರಿದರೆ ಪುಲ್ಲಿ ಕನಿಷ್ಠದಲ್ಲೇ ನಿಲ್ಲುತ್ತದೆ, ಊರೊಳಗೆ ಏನೂ ಗೊತ್ತಾಗುವುದಿಲ್ಲ, ಹೈವೇಯಲ್ಲಿ ಹತ್ತು ನಿಮಿಷ ಎಳೆದಾಗ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಕೊನೆಯ ಪರೀಕ್ಷೆಯೇ ಮುಖ್ಯ. ಇದಕ್ಕೆ ಬರೀ ಪೆಟ್ರೋಲ್ ಹಾಕಿ, ಆಯಿಲ್ ಮಟ್ಟಕ್ಕೆ ಗುರುತು ಮಾಡಿ, ಎಂದಿನಂತೆ ಓಡಿಸಿ 5 ಲೀಟರ್ ಸುಟ್ಟ ಮೇಲೆ ಅದೇ ಗುರುತಿನವರೆಗೆ ಅಳೆದು ತುಂಬಿ. 100ರಿಂದ 150 ಮಿಲಿ ಹಿಡಿದರೆ ಪಂಪ್ ಸರಿಯಿದೆ, ಅದನ್ನು ಮುಟ್ಟಬೇಡಿ. 60-70 ಮಿಲಿಯೂ ಹಿಡಿಯದಿದ್ದರೆ ಮತ್ತೆ ಬೆರೆಸಿದ ಪೆಟ್ರೋಲ್‌ಗೆ ಮರಳಿ, ಪಂಪ್ ಬಿಚ್ಚಿ ನೋಡಿ. ನಿಂತ ಬೈಕ್‌ನಲ್ಲೇ ಆಯಿಲ್ ಇಳಿದು ಬೆಳಗ್ಗೆ ಕಿಕ್ ಹೊಡೆದಾಗ ದಟ್ಟ ಹೊಗೆ ಬಂದರೆ ಚೆಕ್ ವಾಲ್ವ್ (ಪಂಪ್ ತಳ್ಳದಾಗ ಆಯಿಲ್ ತಡೆಯುವ ಕವಾಟ) ಅಥವಾ ಪಂಪಿನ ಸೀಲ್ ಹೋಗಿದೆ. ಆಯಿಲ್ ಟ್ಯಾಂಕ್ ಇಳಿಯದೆ ಗೇರ್ ಆಯಿಲ್ ಮಾತ್ರ ಕಡಿಮೆಯಾಗುತ್ತಿದ್ದರೆ ಪಂಪಿಗೆ ಸಂಬಂಧವೇ ಇಲ್ಲ, ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಬದಲಿಸಿ.

ಬಿಡಿಭಾಗ ಸಿಗದೆ ಪಂಪ್ ತೆಗೆಯಲೇಬೇಕಾದರೆ ಪೂರ್ತಿ ತೆಗೆಯಿರಿ. ಪಂಪ್ ಕೂತ ಜಾಗಕ್ಕೆ ಗ್ಯಾಸ್ಕೆಟ್ ಹಾಕಿ ಪ್ಲೇಟ್ ಮುಚ್ಚಿ. ಇಂಟೇಕ್ ಕಡೆಯ ಆಯಿಲ್ ನಿಪ್ಪಲ್ ಭದ್ರವಾಗಿ ಮುಚ್ಚಿ, ಅಲ್ಲಿ ಗಾಳಿ ಎಳೆದರೆ ಮಿಶ್ರಣ ಲೀನ್ ಆಗಿ (ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾಗಿ) ಆಯಿಲ್ ಇದ್ದರೂ ಎಂಜಿನ್ ಸೀಜ್ ಆಗುತ್ತದೆ. ಕಾರ್ಬುರೇಟರ್‌ನ ಜೆಟ್‌ನಲ್ಲಿ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಭಾಗ) ಈಗ ಆಯಿಲೂ ಹಾಯುವುದರಿಂದ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ. ಪ್ಲಗ್ ಬಿಚ್ಚಿ ನೋಡಿ, ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ. ಸುಜುಕಿಯ ಹಳೆಯ ಜಿಟಿ ಸರಣಿಯಲ್ಲಿ ಮಾತ್ರ ಪಂಪ್ ತೆಗೆಯಬೇಡಿ. ಅಲ್ಲಿ ಆಯಿಲ್ ನೇರವಾಗಿ ಕ್ರ್ಯಾಂಕ್ ಬೇರಿಂಗ್‌ಗಳಿಗೆ ಹೋಗುತ್ತದೆ.

ಬೆರೆಸುವ ಲೆಕ್ಕ ಸುಲಭ. 5 ಲೀಟರ್ ಪೆಟ್ರೋಲ್‌ಗೆ 1:25 ಎಂದರೆ 200 ಮಿಲಿ, 1:32 ಎಂದರೆ ಸುಮಾರು 155, 1:40 ಎಂದರೆ 125. ಹಳೆಯ ಜಾವಾಗಳ 1:25 ಆ ಕಾಲದ ಸಾದಾ ಆಯಿಲ್‌ಗೆ ಹೇಳಿದ್ದು. ಇಂದಿನ ಜಾಸೋ (ಜಪಾನಿನ ವಾಹನ ಮಾನಕ) ಎಫ್‌ಸಿ ಅಥವಾ ಎಫ್‌ಡಿ ದರ್ಜೆಯ 2ಟಿ (ಟೂ-ಸ್ಟ್ರೋಕ್) ಆಯಿಲ್‌ನಲ್ಲಿ ರೋಡ್‌ಕಿಂಗ್‌ಗೆ 1:32 ನೆಮ್ಮದಿಯ ಪ್ರಮಾಣ. ಸ್ಮಾಲ್ ಎಂಡ್‌ನಲ್ಲಿ (ಕನೆಕ್ಟಿಂಗ್ ರಾಡ್ ಪಿಸ್ಟನ್‌ಗೆ ಸೇರುವ ತುದಿ) ಕಂಚಿನ ಬುಷ್ ಇರುವ ಎಂಜಿನ್‌ಗೆ, ಹೊಸದಾಗಿ ಬೋರ್ ಮಾಡಿಸಿದ ಎಂಜಿನ್‌ಗೆ ಮೊದಲ 500 ಕಿ.ಮೀ.ಗೆ, 1:25 ಇರಲಿ. ದೋಣಿಯ ಔಟ್‌ಬೋರ್ಡ್ ಎಂಜಿನ್ ಆಯಿಲ್ ಬೇಡ, ನೀರಿನಿಂದ ತಂಪಾಗುವ ಎಂಜಿನ್‌ಗೆ ಮಾಡಿದ್ದು ಅದು. 4ಟಿ (ಫೋರ್-ಸ್ಟ್ರೋಕ್) ಆಯಿಲ್ ಅಂತೂ ಬೇಡವೇ ಬೇಡ.

ಬಂಕ್‌ನಲ್ಲಿ ಮೊದಲು ಪೆಟ್ರೋಲ್ ಟ್ಯಾಪ್ ಮುಚ್ಚಿ. ಭಾರದ ಆಯಿಲ್ ತಳಕ್ಕಿಳಿದು ಕಾರ್ಬುರೇಟರ್‌ಗೆ ಹೋದರೆ ಪ್ಲಗ್ ಒದ್ದೆಯಾಗಿ ಗಾಡಿ ಅಲ್ಲೇ ನಿಲ್ಲುತ್ತದೆ. ಅಳೆದ ಆಯಿಲ್ ಟ್ಯಾಂಕಿಗೆ ಹಾಕಿ, ಅದರ ಮೇಲೆ ಪೆಟ್ರೋಲ್ ಬೀಳಲಿ, ಆ ರಭಸಕ್ಕೆ ಅರ್ಧ ಬೆರೆಯುತ್ತದೆ. ಮುಚ್ಚಳ ಹಾಕಿ ಗಾಡಿಯನ್ನು ಪಕ್ಕಕ್ಕೆ ಹತ್ತಾರು ಸಲ ಚೆನ್ನಾಗಿ ಅಲ್ಲಾಡಿಸಿ, ಆಮೇಲೆ ಟ್ಯಾಪ್ ತೆರೆಯಿರಿ.

ಈಗ ಬಂಕ್‌ನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಇರುವ ಪೆಟ್ರೋಲ್. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿಗೆ ನೀರು ಸೇರಿದರೆ ಎಥನಾಲ್ ಅದರೊಂದಿಗೆ ಬೇರೆಯಾಗಿ ತಳಕ್ಕೆ ಕೂರುತ್ತದೆ, 2ಟಿ ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಟ್ಯಾಪ್‌ನಿಂದ ಮೊದಲು ಬರುವುದು ಆಯಿಲ್ ಇಲ್ಲದ ಆ ತಳದ ದ್ರವ. ಗಾಡಿ ನಿಲ್ಲಿಸಿಡುವ ಮುನ್ನ ಟ್ಯಾಂಕ್, ಕಾರ್ಬುರೇಟರ್ ಬೌಲ್ ಎರಡನ್ನೂ ಖಾಲಿ ಮಾಡಿ. ಮರೆತಿದ್ದರೆ ಕಿಕ್ ಹೊಡೆಯುವ ಮೊದಲು ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿ ಬೆಳಕಿಗೆ ಹಿಡಿದು ನೋಡಿ. ಎರಡು ಪದರ ಕಂಡರೆ ಪೂರ್ತಿ ಚೆಲ್ಲದೆ ಸ್ಟಾರ್ಟ್ ಮಾಡಬೇಡಿ.